ಚುಕ್ಕಿಗೆ ಕೊಟ್ಟ ಹಸಿರು

ಕಂಪ್ಯೂಟರಿಗೆ ಓದಲು ಬರುವುದಿಲ್ಲ ಎಂಬುದು ನನ್ನ ತಲೆಗೆ ಹೋಗಲು ಬಹಳ ದಿನ ಹಿಡಿಯಿತು. ಅದು ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡುತ್ತದೆ, ಅಷ್ಟೆ. ಹೊಂದಿದರೆ ಒಂದು ದಾರಿ, ಹೊಂದದಿದ್ದರೆ ಇನ್ನೊಂದು. ಆ ದಾರಿಗಳನ್ನು ಹಾಕಿಕೊಡುವವರು ನಾವು. ಕಲಿಸುವವರು ಇದನ್ನು ಮೊದಲ ದಿನವೇ ಹೇಳಿರುತ್ತಾರೆ, ನಾವೂ ತಲೆಯಾಡಿಸಿರುತ್ತೇವೆ. ತಲೆಯಾಡಿಸುವುದು ಬೇರೆ, ಅರ್ಥವಾಗುವುದು ಬೇರೆ ಎಂದು ನನಗೆ ಗೊತ್ತಾದದ್ದು ಎರ್ಲಾಂಗೆನ್‌ನ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ.

ನಾನು ಮೂಲತಃ ನರ್ಸು, ಉಡುಪಿ ಕಡೆಯವಳು. ಇಲ್ಲಿಯ ಆಸ್ಪತ್ರೆಯಲ್ಲಿ ರೋಗಿಗಳನ್ನು ಎತ್ತಿ ಕೂರಿಸಿ, ಎತ್ತಿ ಮಲಗಿಸಿ ನನ್ನ ಸೊಂಟ ಕೈಕೊಟ್ಟಿತು. ಇನ್ನು ವಾರ್ಡಿನ ಕೆಲಸ ಕೂಡದು ಎಂದು ಡಾಕ್ಟರು ಬರೆದರು. ಹಾಗೆ ಕೆಲಸ ಬಿಡಬೇಕಾದವರಿಗೆ ಬೇರೆ ಉದ್ಯೋಗ ಕಲಿಸುವ ಏರ್ಪಾಡು ಇಲ್ಲಿದೆ, ಉಮ್‌ಶೂಲುಂಗ್ ಎನ್ನುತ್ತಾರೆ. ನಾನು ಪ್ರೋಗ್ರಾಮಿಂಗ್ ಆರಿಸಿಕೊಂಡೆ. ಕೊನೆಯ ಕೆಲವು ತಿಂಗಳು ಯಾವುದಾದರೂ ಕಂಪನಿಯಲ್ಲಿ ಕೆಲಸ ಮಾಡಿ ತೋರಿಸಬೇಕು. ಈ ಕಂಪನಿಯವರು ನನ್ನನ್ನು ಸೇರಿಸಿಕೊಂಡು, ಚೆನ್ನಾಗಿ ಮಾಡಿದರೆ ಇಲ್ಲೇ ಉಳಿಸಿಕೊಳ್ಳುತ್ತೇವೆ ಎಂದರು. ನಲವತ್ತು ದಾಟಿದವಳಿಗೆ ಯಾರು ಎರಡನೇ ಸಲ ಹಾಗೆ ಹೇಳುತ್ತಾರೆ? ನಾನು ಬಾಯಿಮುಚ್ಚಿ ಕೆಲಸ ಮಾಡಿದೆ.

ಅವರು ಕೊಟ್ಟ ಕೆಲಸ ಕಲಿಯುವವರಿಗೆ ಕೊಡುವಂಥದ್ದೇ. ಮನೆಮನೆಗೆ ಹೋಗಿ ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಸಂಸ್ಥೆ ಕಂಪನಿಯ ಗಿರಾಕಿ. ಅಲ್ಲಿಯ ಹುಡುಗಿಯರು ಸಣ್ಣ ಕಾರು ಹತ್ತಿ ಬೆಳಗಿನಿಂದ ಒಂದು ಮನೆಯಿಂದ ಇನ್ನೊಂದಕ್ಕೆ ಓಡುತ್ತಾರೆ. ಒಬ್ಬರಿಗೆ ಇನ್ಸುಲಿನ್, ಒಬ್ಬರಿಗೆ ಸ್ನಾನ, ಇನ್ನೊಬ್ಬರಿಗೆ ಮಾತ್ರೆ. ಪ್ರತಿ ಮನೆಯ ಕೆಲಸ ಮುಗಿದಾಗ ಫೋನಿನ ಆ್ಯಪ್‌ನಲ್ಲಿ ಒಂದು ಟಿಪ್ಪಣಿ ಬರೆಯಬೇಕು. ಏನಾದರೂ ಬರೆಯದ ಹೊರತು ಆ್ಯಪ್ ಮುಂದಿನ ಮನೆಯನ್ನು ತೆರೆಯುವುದೇ ಇಲ್ಲ. ಆ ಟಿಪ್ಪಣಿಗಳನ್ನೆಲ್ಲ ಆಫೀಸು ನೋಡಿಕೊಳ್ಳುವ ಜರ್ಮನ್ ಹೆಂಗಸು ಒಬ್ಬರೇ ಓದಿ, ಸಂಶಯ ಬಂದ ಮನೆಗೆ ಫೋನ್ ಮಾಡುತ್ತಿದ್ದರು. ಓದಿ ಓದಿ ಅವರಿಗೆ ಸಾಕುಬೇಕಾಗಿತ್ತು. ಟಿಪ್ಪಣಿ ನೋಡಿ ಬಣ್ಣ ಹಚ್ಚುವ ಪ್ರೋಗ್ರಾಂ ನಾನು ಬರೆಯಬೇಕು. ಕೆಂಪಾದರೆ ಅವರು ಆ ಮನೆಗೆ ಫೋನ್ ಮಾಡುತ್ತಾರೆ. ಹಸಿರಾದರೆ ಮಾಡುವುದಿಲ್ಲ. ಒಂಟಿಯಾಗಿರುವ ಮುದುಕರ ಮನೆಗೆ ಆ ದಿನ ಫೋನ್ ಹೋಗುತ್ತದೋ ಇಲ್ಲವೋ ಎಂಬುದು ನಾನು ಬರೆಯುವ ಕೆಲವು ಸಾಲುಗಳ ಮೇಲೆ ನಿಂತಿತ್ತು.

ಮೊದಲು ಪಠ್ಯವನ್ನು ಹದಕ್ಕೆ ತರಬೇಕು. ಒಬ್ಬಳು ದೊಡ್ಡ ಅಕ್ಷರದಲ್ಲಿ ಬರೆಯುತ್ತಾಳೆ, ಇನ್ನೊಬ್ಬಳು ಸಣ್ಣದರಲ್ಲಿ. ಕಂಪ್ಯೂಟರಿಗೆ ಅವೆರಡೂ ಬೇರೆ ಬೇರೆ. ಆದ್ದರಿಂದ ಎಲ್ಲವನ್ನೂ ಸಣ್ಣ ಅಕ್ಷರಕ್ಕೆ ಇಳಿಸಿದೆ. ಹಿಂದೆ ಮುಂದೆ ಉಳಿದ ಖಾಲಿ ಜಾಗವನ್ನು ಕತ್ತರಿಸಿದೆ. ಸ್ಪೇಸ್ ಒತ್ತಿ ಮುಂದೆ ಹೋದವರ ಟಿಪ್ಪಣಿ ನಮ್ಮ ಕಣ್ಣಿಗೆ ಖಾಲಿ, ಕಂಪ್ಯೂಟರಿಗೆ ಅಲ್ಲ. ಕತ್ತರಿಸಿದ ಮೇಲೆ ಅದೂ ಖಾಲಿಯಾಗುತ್ತದೆ, ಖಾಲಿ ಇದ್ದರೆ ಕೆಂಪು. ಇಷ್ಟಕ್ಕೆ ನಾನು ಹಿಗ್ಗಿಹೋಗಿದ್ದೆ.

ಆಮೇಲೆ ಶರತ್ತುಗಳು. ಟಿಪ್ಪಣಿಯಲ್ಲಿ ‘ಬಿದ್ದರು’ ಎಂಬ ಜರ್ಮನ್ ಪದ ಇದ್ದರೆ ಕೆಂಪು ಎಂದು ಬರೆದೆ. ಹಳೆಯ ಟಿಪ್ಪಣಿಗಳ ಮೇಲೆ ಓಡಿಸಿದರೆ ಪರದೆ ತುಂಬ ಕೆಂಪೋ ಕೆಂಪು. ನೋಡಿದರೆ ಹೆಚ್ಚಿನವರು ‘ಇವತ್ತು ಬಿದ್ದಿಲ್ಲ’ ಎಂದು ಬರೆದಿದ್ದರು, ಜರ್ಮನ್‌ನಲ್ಲಿ ಅದು ಎರಡು ಪದ, ಒಂದು ‘ಇಲ್ಲ’, ಇನ್ನೊಂದು ಅದೇ ‘ಬಿದ್ದರು’. ಸರಿ, ‘ಬಿದ್ದಿಲ್ಲ’ ಇದ್ದರೆ ಹಸಿರು ಎಂಬ ಶರತ್ತನ್ನು ಎಲ್ಲಕ್ಕಿಂತ ಮೇಲೆ ಇಟ್ಟೆ. ಕೆಂಪು ಇಳಿಯಿತು. ನಾನು ಚಹಾ ಕುಡಿದು ಬಂದೆ. ಮಧ್ಯಾಹ್ನ ಒಂದು ಹಸಿರು ಟಿಪ್ಪಣಿ ಕಣ್ಣಿಗೆ ಬಿತ್ತು: ಬಿದ್ದಿಲ್ಲ, ಆದರೆ ಮೂತ್ರದಲ್ಲಿ ರಕ್ತ. ಮೊದಲ ಶರತ್ತು ಹೊಂದಿದ ಕೂಡಲೇ ಪ್ರೋಗ್ರಾಂ ಹಸಿರು ಕೊಟ್ಟು ಹೊರಗೆ ಬಂದಿತ್ತು, ರಕ್ತದ ಶರತ್ತಿನ ತನಕ ಹೋಗಲೇ ಇಲ್ಲ. ಇಫ್, ಎಲಿಫ್, ಎಲ್ಸ್, ಅಂದರೆ ‘ಹೀಗಿದ್ದರೆ, ಇಲ್ಲ ಹಾಗಿದ್ದರೆ, ಯಾವುದೂ ಅಲ್ಲದಿದ್ದರೆ’ ಎಂದು ಬರೆಯುವಾಗ ಯಾವುದು ಮೇಲೆ ಎನ್ನುವುದೇ ಮುಖ್ಯ ಎಂದು ಪಾಠದಲ್ಲಿ ಓದಿದ್ದೆ. ಓದಿದ್ದು ಓದಿದ ಕಡೆಯೇ ಉಳಿದಿತ್ತು.

ನನ್ನ ಕೋಡ್ ನೋಡುವವನು ಮೈಸೂರಿನವನು, ನನಗಿಂತ ಹತ್ತು ವರ್ಷ ಚಿಕ್ಕವ, ಆ ಕಂಪನಿಯಲ್ಲಿ ಹಳಬ. ಇಲ್ಲಿ ‘ನಾಲ್ಕು ಕಣ್ಣಿನ ನಿಯಮ’ ಅಂತ ಇದೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡಿ ಒಪ್ಪದೆ ಯಾವುದೂ ಗಿರಾಕಿಗೆ ಹೋಗುವಂತಿಲ್ಲ. ಅವನು ನನ್ನ ಕುರ್ಚಿಯ ಪಕ್ಕ ನಿಂತು ಬೆರಳಿಟ್ಟು ತೋರಿಸಿದ.

“ಅಕ್ಕ, ಕೆಟ್ಟದ್ದೆಲ್ಲ ಮೊದ್ಲು ಚೆಕ್ ಮಾಡಿ. ಒಂದೂ ಸಿಕ್ಲಿಲ್ಲ ಅಂದ್ರೆ ಮಾತ್ರ ಒಳ್ಳೇದಕ್ಕೆ ಬನ್ನಿ.”

“ಮತ್ತೆ ಈ ‘ಬಿದ್ದಿಲ್ಲ’ವನ್ನು ಎಂತ ಮಾಡುದು?”

“ಆ ಎರಡು ಪದ ಒಟ್ಟಿಗೆ ಇದ್ರೆ ಮೊದ್ಲೇ ತೆಗೆದುಬಿಡಿ. ಮಿಕ್ಕಿದ್ದರಲ್ಲಿ ಹುಡುಕಿ.”

ಹಾಗೇ ಮಾಡಿದೆ. ಕೆಂಪುಗಳೆಲ್ಲ ಮೇಲೆ ಹೋದವು. ಬಾಗಿಲು ತೆಗೆಯಲಿಲ್ಲ, ಊಟ ಮಾಡಲಿಲ್ಲ, ತಲೆ ಸುತ್ತು, ಗಾಯ, ಹೀಗೆ ವಾರ್ಡಿನಲ್ಲಿ ಕಿವಿ ನಿಮಿರಿಸುವ ಪದಗಳನ್ನೆಲ್ಲ ನಾನೇ ಹುಡುಕಿ ಸೇರಿಸಿದೆ. ಆ ಕೆಲಸದಲ್ಲಿ ನನ್ನಷ್ಟು ಚುರುಕು ಅಲ್ಲಿ ಯಾರೂ ಇರಲಿಲ್ಲ, ಹೇಳಿಕೊಳ್ಳಲು ನಾಚಿಕೆ ಇಲ್ಲ. ಕೊನೆಗೆ ಒಂದು ಜಾತಿಯ ಟಿಪ್ಪಣಿ ಮಾತ್ರ ಉಳಿಯಿತು. ಅದರಲ್ಲಿ ಪದವೇ ಇಲ್ಲ. ಒಂದು ಚುಕ್ಕಿ, ಅಷ್ಟೆ. ಅಕ್ಷರವಿಲ್ಲದ್ದನ್ನೂ ಖಾಲಿ ಎಂದೇ ಎಣಿಸುವಂತೆ ಬರೆದಿದ್ದೆ, ಹಾಗಾಗಿ ಅವು ಕೆಂಪಾಗಿಯೇ ನಿಂತಿದ್ದವು.

ಚುಕ್ಕಿ ಹಾಕಿದವರು ಯಾರೆಂದು ನೋಡಿದೆ. ಹೆಚ್ಚಿನವು ನಮ್ಮ ಕಡೆಯ ಹುಡುಗಿಯರವು. ಮಂಗಳೂರು, ಉಡುಪಿಯಲ್ಲಿ ನರ್ಸಿಂಗ್ ಓದಿ ಬಂದು, ಇಲ್ಲಿ ಆ ಓದಿಗೆ ಮಾನ್ಯತೆ ಸಿಗುವ ತನಕ ಸಹಾಯಕಿಯರಾಗಿ ದುಡಿಯುವ ನಾಲ್ಕೈದು ಮಂದಿ ಆ ಸಂಸ್ಥೆಯಲ್ಲಿದ್ದರು. ನನಗೆ ಕೂಡಲೇ ಊರು ನೆನಪಾಯಿತು. ನಾನು ಕಲಿತ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯವರು ಒಂದು ಸುತ್ತು ಬಂದು, ಪ್ರತಿ ಹಾಸಿಗೆ ನಂಬರಿನ ಎದುರು ಪೆನ್ಸಿಲಿನಲ್ಲಿ ಒಂದು ಚುಕ್ಕಿ ಇಡಬೇಕಿತ್ತು. ಕಣ್ಣಾರೆ ನೋಡಿದೆ, ಉಸಿರಾಟ ಸರಿ ಇದೆ, ಹೇಳುವಂಥದ್ದು ಏನಿಲ್ಲ ಎಂದು ಅರ್ಥ. ನೋಡದೆ ಚುಕ್ಕಿ ಇಟ್ಟವಳನ್ನು ನಮ್ಮ ದೊಡ್ಡ ಸಿಸ್ಟರ್ ಮರುದಿನ ಎಲ್ಲರ ಎದುರು ನಿಲ್ಲಿಸುತ್ತಿದ್ದರು. ಆ ಭಯದಲ್ಲಿ ಬೆಳೆದ ಕೈಗಳು ಸುಮ್ಮನೆ ಚುಕ್ಕಿ ಇಡುವುದುಂಟೇ? ಎಲ್ಲಕ್ಕಿಂತ ಮೇಲೆ, ಟಿಪ್ಪಣಿ ಬರಿಯ ಚುಕ್ಕಿಯಾಗಿದ್ದರೆ ಹಸಿರು ಎಂದು ಬರೆದೆ.

ಮೈಸೂರಿನವನು ಆ ಸಾಲಿನ ಮೇಲೆ ತಡೆದ. “ಅಕ್ಕ, ಡಾಟ್‌ಗೆ ಯಾಕೆ ಗ್ರೀನ್?”

ಊರಿನ ಪದ್ಧತಿ ಹೇಳಿದೆ. ಅವನು ತಲೆ ಕೆರೆದುಕೊಂಡ. “ನರ್ಸ್‌ಗಳ ವಿಷ್ಯ ನಿಮಗೇ ಗೊತ್ತು. ನಾನೇನ್ ಹೇಳ್ಲಿ” ಎಂದು ಒಪ್ಪಿಗೆ ಒತ್ತಿದ. ನಾಲ್ಕು ಕಣ್ಣು ನೋಡಿದ ಹಾಗಾಯಿತು, ನೋಡಿದ್ದು ನನ್ನ ಎರಡೇ.

ಪ್ರೋಗ್ರಾಂ ಸಂಸ್ಥೆಯ ಆಫೀಸಿನಲ್ಲಿ ಓಡತೊಡಗಿದ ದಿನ ನನ್ನನ್ನೂ ಅಲ್ಲಿಗೆ ಕಳಿಸಿದರು. ಆಫೀಸಿನ ಹೆಂಗಸು ಹಸಿರು ತುಂಬಿದ ಪರದೆ ನೋಡಿ, ಎಷ್ಟೋ ವರ್ಷದ ಮೇಲೆ ಮಧ್ಯಾಹ್ನ ಕೂತು ಊಟ ಮಾಡುತ್ತೇನೆ ಎಂದರು. ಹುಡುಗಿಯರು ಕಾರಿನ ಕೀ ಮರಳಿಸಲು ಬರುವ ಹೊತ್ತು. ಮಂಗಳೂರಿನ ಹತ್ತಿರದ ಒಬ್ಬಳು ನನ್ನ ಮಾತಿನ ಧಾಟಿ ಕೇಳಿ ನಿಂತಳು. ಬಂದು ಕೆಲವೇ ತಿಂಗಳಾದವಳು, ಇನ್ನೂ ಕೆಲಸ ಖಾಯಂ ಆಗದ ಪರೀಕ್ಷಾವಧಿಯಲ್ಲಿದ್ದವಳು.

“ಅಕ್ಕ, ಇದು ನೀವು ಮಾಡಿದ್ದಾ? ನಮಗೆ ಬರೆಯುದೇ ದೊಡ್ಡ ಕಷ್ಟ ಮಾರ್ರೆ. ಜರ್ಮನ್‌ನಲ್ಲಿ ಒಂದು ಸಾಲು ಬರೆಯುವಷ್ಟರಲ್ಲಿ ಮುಂದಿನ ಮನೆಗೆ ತಡ ಆಗ್ತದೆ.”

“ವಿಶೇಷ ಎಂತ ಇಲ್ಲದಿದ್ದರೆ ಒಂದು ಚುಕ್ಕಿ ಇಡು, ಸಾಕು. ಊರಲ್ಲಿ ಇಟ್ಟ ಹಾಗೆ,” ಎಂದೆ.

ಅವಳು ನಕ್ಕಳು. “ಅಬ್ಬ, ನಮ್ಮದನ್ನು ತಿಳಿಯುವವರು ಒಬ್ಬರಾದ್ರೂ ಇದ್ದಾರಲ್ಲ.”

ಆ ಮಾತಿಗೆ ನಾನು ಉಬ್ಬಿದೆ. ಮರಳುವಾಗ ಸೈಕಲ್ ತುಳಿದದ್ದು ಗೊತ್ತೇ ಆಗಲಿಲ್ಲ.

ಕೆಲವು ದಿನ ಎಲ್ಲ ಸುಸೂತ್ರ. ಒಂದು ಶುಕ್ರವಾರ ಮಧ್ಯಾಹ್ನ, ಮೇಲಧಿಕಾರಿಗೆ ಒಂದು ಪುಟದ ವರದಿ ಕೊಡಬೇಕೆಂದು ಟಿಪ್ಪಣಿಗಳನ್ನು ಒಟ್ಟು ಹಾಕುತ್ತಿದ್ದೆ. ಆ್ಯಪ್ ಪ್ರತಿ ಮನೆಯ ಭೇಟಿ ಶುರುವಾದ ಹೊತ್ತು, ಮುಗಿದ ಹೊತ್ತನ್ನೂ ಇಡುತ್ತದೆ. ಅದನ್ನು ಅಲ್ಲಿಯ ತನಕ ನಾನು ಮುಟ್ಟಿರಲಿಲ್ಲ, ನನ್ನ ಕೆಲಸ ಬರೀ ಪಠ್ಯದ್ದು. ಅವತ್ತು ಎರಡನ್ನೂ ಪಕ್ಕಪಕ್ಕ ಇಟ್ಟೆ. ಚುಕ್ಕಿ ಇದ್ದ ಹೆಚ್ಚಿನ ಮನೆಗಳಲ್ಲಿ ಹೊತ್ತು ಸರಿಯಾಗಿತ್ತು. ಕೆಲವು ಮನೆಗಳಲ್ಲಿ ಮಾತ್ರ ಶುರುವಾದದ್ದಕ್ಕೂ ಮುಗಿದದ್ದಕ್ಕೂ ನಡುವೆ ಮೆಟ್ಟಿಲು ಹತ್ತಿ ಇಳಿಯುವಷ್ಟು ಹೊತ್ತೂ ಇರಲಿಲ್ಲ. ಅವುಗಳಲ್ಲಿ ನಮ್ಮ ಹುಡುಗಿಯರವೂ ಇದ್ದವು, ಬೇರೆಯವರವೂ ಇದ್ದವು. ಇವರು ನೋಡಿ ಇಟ್ಟ ಚುಕ್ಕಿ ಅಲ್ಲ ಇದು. ಆ್ಯಪ್ ಬಿಡುವುದಿಲ್ಲ ಎಂದು ಏನೋ ಒಂದು ಒತ್ತಿ ಮುಂದೆ ಓಡಿದ್ದಾರೆ. ಅಂಥ ಮನೆಗಳಿಗೆಲ್ಲ ನಾನು ಹಸಿರು ಹಚ್ಚಿ, ಫೋನ್ ಬೇಡ ಎಂದು ಹೇಳಿದ್ದೆ.

ಮೈಸೂರಿನವನು ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದ. ಆಫೀಸಿನಲ್ಲಿ ಉಳಿದವರು ಆಗಲೇ ಹೊರಟಾಗಿತ್ತು. ಅವನಿಗೆ ತೋರಿಸಿದೆ.

“ಹೂಂ ಅಕ್ಕ, ಇದು ‘ಬಗ್’, ತಪ್ಪೇ. ಸೋಮವಾರ ಫಿಕ್ಸ್ ಮಾಡೋಣ.”

“ಸೋಮವಾರವಾ? ಇವತ್ತಿನ ಚುಕ್ಕಿಗಳು ಉಂಟಲ್ಲ ಇದರಲ್ಲಿ.”

“ಫ್ರೈಡೇ ಮಧ್ಯಾಹ್ನದ್ ಮೇಲೆ ಕ್ಲೈಂಟ್ ಹತ್ರ ಓಡ್ತಿರೋ ಕೋಡ್ ಯಾರೂ ಮುಟ್ಟಲ್ಲ ಅಕ್ಕ, ಅದು ರೂಲು. ಏನಾದ್ರೂ ಒಡೆದ್ರೆ ವೀಕೆಂಡ್‌ನಲ್ಲಿ ನೋಡೋರು ಯಾರು? ಮುಂದಿನ ವಾರ ನಿಮ್ಮ ಕಾಂಟ್ರ್ಯಾಕ್ಟ್ ಮಾತುಕತೆ ಬೇರೆ ಇದೆ. ಸುಮ್ನಿರಿ.”

ಅವನು ಕೆಟ್ಟವನಲ್ಲ. ಆ ನಿಯಮವೂ ಸರಿಯೇ, ಅವಸರದಲ್ಲಿ ಕೋಡ್ ಮುಟ್ಟಿ ಮನೆ ಹಾಳು ಮಾಡಿದ ಕತೆಗಳು ಎಲ್ಲರ ಬಳಿಯೂ ಇವೆ. ಅವನು ಹೋದ ಮೇಲೆ ನಾನು ಕುರ್ಚಿಯಲ್ಲಿ ಕೂತೇ ಇದ್ದೆ. ಕಾಂಟ್ರ್ಯಾಕ್ಟ್ ಎಂಬ ಮಾತು ಕಿವಿಯಲ್ಲಿತ್ತು. ಸುಮ್ಮನಿದ್ದರೆ ಏನೂ ಆಗದೆಯೂ ಹೋಗಬಹುದು, ಸೋಮವಾರ ಮೆಲ್ಲಗೆ ಒಂದು ಸಾಲು ತಿದ್ದಿದರೆ ಯಾರಿಗೂ ತಿಳಿಯದು. ಸುಳ್ಳೇಕೆ, ಹಾಗೆ ಯೋಚಿಸಿದೆ. ಆಮೇಲೆ ಕೋಡ್ ಮುಟ್ಟಬಾರದು ಎಂದಿದ್ದಾರೆ, ಫೋನ್ ಮುಟ್ಟಬಾರದು ಎಂದಿಲ್ಲವಲ್ಲ ಎಂದು ಹೊಳೆಯಿತು.

ಸಂಸ್ಥೆಯ ಆಫೀಸಿಗೆ ಫೋನ್ ಮಾಡಿ, ಇವತ್ತಿನ ಚುಕ್ಕಿಯ ಹಸಿರುಗಳನ್ನು ನಂಬಬೇಡಿ ಎಂದೆ. ಆ ಹೆಂಗಸು ಕೋಟು ಹಾಕಿಕೊಂಡಾಗಿತ್ತು.

“ಹಸಿರು ಎಂದರೆ ನೋಡುವುದೇ ಬೇಡ ಎಂದು ಹೇಳಿದವರು ನೀವೇ.”

“ಹೌದು, ನಾನೇ. ಈಗ ಬೇಕು ಎನ್ನುತ್ತಿದ್ದೇನೆ.”

ಅವರು ಪಟ್ಟಿ ತೆರೆದು, ಮೇಲಿನ ಅರ್ಧ ನಾನು ಮಾಡುತ್ತೇನೆ, ಕೆಳಗಿನದ್ದು ನೀವು ಮಾಡಿ ಎಂದರು. ಒಬ್ಬೊಬ್ಬರಿಗೇ ಫೋನ್ ಮಾಡಿದೆವು. ಒಬ್ಬ ಅಜ್ಜಿ ತೋಟದಲ್ಲಿದ್ದೆ ಎಂದು ಬೈದರು. ಇನ್ನೊಬ್ಬರು ಯಾವ ಬ್ಯಾಂಕಿನವಳು ನೀನು ಎಂದು ಕೇಳಿ ಇಟ್ಟರು. ಬೈಗುಳ ಕೇಳಿದಷ್ಟೂ ನನಗೆ ಉಸಿರು ಬರುತ್ತಿತ್ತು. ಕೊನೆಗೆ ಒಬ್ಬರು ಮಾತ್ರ ಎತ್ತಲಿಲ್ಲ. ಒಂಟಿಯಾಗಿದ್ದ ಒಬ್ಬ ಅಜ್ಜ, ಬೆಳಿಗ್ಗೆ ಮಾತ್ರೆ ಕೊಡಲು ದಿನಕ್ಕೊಂದೇ ಭೇಟಿ. ಆ ಬೆಳಗಿನ ಚುಕ್ಕಿ ಮಂಗಳೂರಿನ ಹುಡುಗಿಯದು.

ಅವರ ಮನೆ ನಮ್ಮ ಆಫೀಸಿನಿಂದ ಸೈಕಲ್ ದೂರ. ನಾನು ತಲುಪುವಷ್ಟರಲ್ಲಿ ಆಫೀಸಿನ ಹೆಂಗಸು ಕಾರಿನಲ್ಲಿ ಬಂದು, ಮನೆಯ ಕೀ ಹಿಡಿದು ಕೆಳಗೆ ನಿಂತಿದ್ದರು. ಮೆಟ್ಟಿಲು ಹತ್ತುವಾಗಲೇ ಟೀವಿ ಕೇಳುತ್ತಿತ್ತು. ಬಾಗಿಲು ತೆಗೆದರೆ ಅಜ್ಜ ಅಡಿಗೆಮನೆಯ ನೆಲದ ಮೇಲೆ, ಗೋಡೆಗೆ ಒರಗಿ, ಕಾಲು ಅಡ್ಡ ತಿರುಗಿ ಬಿದ್ದಿದ್ದರು. ಹಿಂದಿನ ಸಂಜೆ ಬಿದ್ದದ್ದು. ತುಟಿ ಒಡೆದಿತ್ತು, ಕಣ್ಣು ತೆರೆದಿತ್ತು. ಹೆಂಗಸು ಆಂಬುಲೆನ್ಸಿಗೆ ಫೋನ್ ಮಾಡಿದರು. ಎತ್ತುವ ಹಾಗಿಲ್ಲ, ಸೊಂಟದ ಮೂಳೆ ಮುರಿದಿದೆ ಎಂದು ನೋಡಿದರೇ ತಿಳಿಯುತ್ತಿತ್ತು. ಆಪರೇಷನ್ ಬೇಕಾಗಬಹುದು, ಕುಡಿಸುವ ಹಾಗೂ ಇಲ್ಲ. ನಾನು ನೆಲದ ಮೇಲೆ ಕೂತು ಒದ್ದೆ ಬಟ್ಟೆಯಲ್ಲಿ ತುಟಿ ಒರೆಸಿ, ನಾಡಿ ಹಿಡಿದೆ.

“ಬೆಳಿಗ್ಗೆ ಬೆಲ್ ಕೇಳಿತು,” ಎಂದರು ಅಜ್ಜ. “ಕೂಗಿದೆ. ಟೀವಿ ಜೋರಿತ್ತು.”

ಮಾತಾಡಬೇಡಿ, ಬರುತ್ತಿದ್ದಾರೆ ಎಂದೆ. ನರ್ಸಾಗಿ ಎಷ್ಟೋ ಸಲ ಹೇಳಿದ ಮಾತು.

ಅಜ್ಜ ಬದುಕಿದರು. ಮನೆಗೆ ಮಾತ್ರ ಮರಳಲಿಲ್ಲ, ಆಸ್ಪತ್ರೆಯಿಂದ ನೇರ ವೃದ್ಧಾಶ್ರಮಕ್ಕೆ ಹೋದರು. ಬೆಳಿಗ್ಗೆಯೇ ಸಿಕ್ಕಿದ್ದರೆ ಬೇರೆ ಆಗುತ್ತಿತ್ತೇ ಎಂದು ಡಾಕ್ಟರನ್ನು ಕೇಳುವ ಧೈರ್ಯ ನನಗಾಗಲಿಲ್ಲ.

ಆ ಸಂಜೆಯೇ ಹುಡುಗಿಗೆ ಫೋನ್ ಮಾಡಿದೆ. ಅವಳಿಗೆ ಸುದ್ದಿ ಮುಟ್ಟಿತ್ತು.

“ಬೆಲ್ ಮಾಡಿದೆ ಅಕ್ಕ. ಒಳಗೆ ಟೀವಿ ಕೇಳ್ತಾ ಉಂಟು, ಅಜ್ಜ ತೆಗಿಯುದಿಲ್ಲ. ಒಮ್ಮೊಮ್ಮೆ ಸಿಟ್ಟಲ್ಲಿ ತೆಗಿಯುದೇ ಇಲ್ಲ ಅವರು. ಅವರ ಮನೆಯ ಕೀ ಆಫೀಸಲ್ಲೇ ಇತ್ತು, ನನ್ನ ಕಾರಲ್ಲಿ ಇರ್ಲಿಲ್ಲ. ಆಫೀಸಿಗೆ ಫೋನ್ ಮಾಡಿದ್ರೆ ಎಂಗೇಜು. ಮುಂದಿನ ಮನೆಯಲ್ಲಿ ಇನ್ಸುಲಿನ್ ಕೊಡ್ಲಿಕ್ಕೆ ಇತ್ತು. ಎಂತಾದ್ರೂ ಹಾಕದೆ ಆ್ಯಪ್ ಬಿಡುದಿಲ್ಲ, ಒಂದು ಚುಕ್ಕಿ ಇಟ್ಟೆ. ಮತ್ತೆ ಸರಿಯಾಗಿ ಬರೆಯುವ ಅಂತ ಇದ್ದೆ. ಮತ್ತೆ ಮರ್ತೇ ಹೋಯ್ತು.”

ಅವಳು ಅಳುತ್ತಿರಲಿಲ್ಲ. ಅತ್ತಿದ್ದರೆ ಸಮಾಧಾನ ಹೇಳಿ ನಾನೂ ಸ್ವಲ್ಪ ಹಗುರಾಗುತ್ತಿದ್ದೆ.

ಸೋಮವಾರ ಸಭೆ. ನಮ್ಮ ಮೇಲಧಿಕಾರಿ ಜರ್ಮನ್, ಮೃದು ಮಾತಿನವರು. ಪ್ರೋಗ್ರಾಂ ಹೇಳಿದ್ದನ್ನು ಹೇಳಿದ ಹಾಗೆ ಮಾಡಿದೆ, ಬಳಸಿದವರು ತಪ್ಪು ತುಂಬಿದ್ದಾರೆ ಎಂದರು. ಗಿರಾಕಿಗೆ ಹೋಗುವ ಪತ್ರದಲ್ಲಿ ಹಾಗೇ ಬರೆಯಲು ನನಗೆ ಹೇಳಿದರು. ನಾನು ಬರೆದದ್ದು ಬೇರೆ. ಚುಕ್ಕಿಯೊಂದೇ ಇದ್ದರೆ ಹಸಿರು ಎಂಬ ಶರತ್ತು ತಪ್ಪು, ಅದನ್ನು ಬರೆದವಳು ನಾನು, ಚುಕ್ಕಿ ಸಾಕು ಎಂದು ಆ ಹುಡುಗಿಗೆ ಹೇಳಿದವಳೂ ನಾನು. ಅವರು ಎರಡು ಸಲ ಓದಿದರು.

“ಕೊನೆಯ ವಾಕ್ಯ ಬೇಡ ಅಲ್ಲವೇ? ನಿಮಗೆ ಒಳ್ಳೆಯದಲ್ಲ.”

“ಇರಲಿ,” ಎಂದೆ. ಅವರು ಹಾಗೆಯೇ ಕಳಿಸಿದರು.

ಅದೇ ದಿನ ಕೋಡ್ ತಿದ್ದಿದೆ. ಕೆಲಸ ಎರಡೇ ಸಾಲಿನದು. ಚುಕ್ಕಿಯ ಶರತ್ತನ್ನು ಅಳಿಸಿದೆ, ಚುಕ್ಕಿ ಮತ್ತೆ ಕೆಂಪಾಯಿತು. ಎಲ್ಲಕ್ಕಿಂತ ಕೆಳಗಿನ ಎಲ್ಸ್‌ನಲ್ಲಿ, ಅಂದರೆ ಯಾವುದೂ ಹೊಂದದಿದ್ದಾಗ ಹೋಗುವ ದಾರಿಯಲ್ಲಿ, ಅಲ್ಲಿಯ ತನಕ ಹಸಿರು ಇತ್ತು. ಅಲ್ಲಿ ಬೂದು ಬಣ್ಣ ಇಟ್ಟೆ. ಬೂದು ಎಂದರೆ ಗೊತ್ತಿಲ್ಲ, ಫೋನ್ ಮಾಡಿ. ಒಳ್ಳೆಯದೆಂದು ಖಂಡಿತ ಹೇಳುವ ಪದ ಸಿಕ್ಕರೆ ಮಾತ್ರ ಹಸಿರು. ಕೆಟ್ಟದ್ದು ಸಿಗಲಿಲ್ಲ ಎಂದ ಮಾತ್ರಕ್ಕೆ ಒಳ್ಳೆಯದಾಗಿದೆ ಎಂದಲ್ಲ. ಅಷ್ಟು ವರ್ಷ ವಾರ್ಡಿನಲ್ಲಿದ್ದವಳಿಗೆ ಇದು ತಿಳಿಯಲು ಒಬ್ಬ ಅಜ್ಜ ರಾತ್ರಿ ಕಳೆದು ಹಗಲೂ ನೆಲದಲ್ಲಿ ಬಿದ್ದಿರಬೇಕಾಯಿತು.

ಆಫೀಸಿನ ಹೆಂಗಸು ಮರುದಿನ ಫೋನ್ ಮಾಡಿ, ಪರದೆ ತುಂಬ ಬೂದು, ಮತ್ತೆ ಮೊದಲಿನ ಹಾಗೆ ಊಟ ಬಿಟ್ಟು ಫೋನ್ ಮಾಡುತ್ತಿದ್ದೇನೆ, ಹಾಗಾದರೆ ನಿಮ್ಮ ಪ್ರೋಗ್ರಾಂ ಯಾಕೆ ಎಂದರು. ಸರಿಯಾದ ಪ್ರಶ್ನೆ. ಫೋನ್ ಮಾಡಿ ಎಂದಷ್ಟೇ ಹೇಳಿದೆ.

ಕಾಂಟ್ರ್ಯಾಕ್ಟ್ ಹೋಯಿತು ಎಂದೇ ನಾನು ತಿಳಿದಿದ್ದೆ. ಹೋಗಲಿಲ್ಲ. ತಪ್ಪನ್ನು ತಾನೇ ಹುಡುಕಿ ತಾನೇ ಹೇಳುವವರು ನಮಗೆ ಬೇಕು ಎಂದು ಮೇಲಧಿಕಾರಿ ಕೈಕುಲುಕಿದರು. ಮೈಸೂರಿನವನು ಎಲ್ಲರಿಗೂ ಕೇಕ್ ತಂದ. ನಾನು ಸಹಿ ಹಾಕಿದೆ.

ಅದೇ ವಾರ ಸಂಸ್ಥೆಯವರು ಆ ಹುಡುಗಿಯನ್ನು ಬಿಡಿಸಿದರು. ಪರೀಕ್ಷಾವಧಿಯಲ್ಲಿ ಕಾರಣ ಹೇಳಬೇಕಾಗಿಲ್ಲ, ಹೇಳಲೂ ಇಲ್ಲ. ನನ್ನ ಪತ್ರ ಅವರಿಗೆ ಮುಟ್ಟಿತ್ತೇ ಎಂದು ಕೇಳಿದೆ. ಮುಟ್ಟಿದೆ, ವಂದನೆಗಳು ಎಂದು ಉತ್ತರ ಬಂತು. ನನಗೆ ಬಂದ ಸಿಟ್ಟಿಗೆ ಲೆಕ್ಕವಿಲ್ಲ. ಸಿಟ್ಟು ಯಾರ ಮೇಲೆ ಎಂದು ಕೇಳಿಕೊಂಡರೆ ನಾಚಿಕೆಯಾಗುತ್ತಿತ್ತು. ಅವಳಿಗೆ ಬೇರೆ ಕೆಲಸ ಹುಡುಕಲು ಅಲ್ಲಿ ಇಲ್ಲಿ ವಿಚಾರಿಸಿದೆ. ಅಷ್ಟರಲ್ಲಿ ಅವಳೇ ಉತ್ತರದ ಕಡೆಯ ಯಾವುದೋ ಊರಿನಲ್ಲಿ ಒಂದು ಕೆಲಸ ಹಿಡಿದಳು, ಮೊದಲಿಗಿಂತ ಕಡಿಮೆ ದರ್ಜೆಯದು. ಹೊರಡುವ ಮೊದಲು ಫೋನ್ ಮಾಡಿದಳು.

“ಅಕ್ಕ, ಒಂದು ಕೇಳ್ಲಿಕ್ಕೆ ಇತ್ತು. ನಿಮ್ಮ ಪ್ರೋಗ್ರಾಂನಲ್ಲಿ ಚುಕ್ಕಿಗೆ ಹಸಿರು ಅಂತ ಇಲ್ಲದಿದ್ರೆ ಆಫೀಸಿನವರು ಬೆಳಿಗ್ಗೆಯೇ ಅಜ್ಜನಿಗೆ ಫೋನ್ ಮಾಡ್ತಿದ್ರಾ?”

“ಮಾಡ್ತಿದ್ರು.”

“ಎತ್ತದಿದ್ರೆ ಕೀ ತಕೊಂಡು ಹೋಗ್ತಿದ್ರಾ?”

“ಹೋಗ್ತಿದ್ರು.”

ಹಿಂದೆ ಸ್ಟೇಷನ್ನಿನ ಸದ್ದು ಕೇಳುತ್ತಿತ್ತು. ನಾನು ಬೈಗುಳಕ್ಕೆ ಕಾದೆ.

“ಅಷ್ಟೇ ಅಕ್ಕ. ಕೆಲಸ ಯಾಕೆ ಹೋಯ್ತು ಅಂತ ಅಮ್ಮ ದಿನಾ ಕೇಳ್ತಾರೆ. ನನ್ನೊಬ್ಬಳದ್ದೇ ತಪ್ಪಲ್ಲ ಅಂತ ಆದ್ರೂ ಹೇಳ್ಬೇಕಲ್ಲ ಅವರಿಗೆ.”